ಲೂಸ್ ಆಗಿರೋದು ಪೆಡಲ್ಲು

ಕಾರ್ಖಾನೆ ಹಿಂದಿನ ಸಾಲುಮನೆ
ಜುಲೈ ೧೪, ಭಾನುವಾರ ಸಂಜೆ

ಪ್ರೀತಿಯ ಅತ್ತೆಮ್ಮನಿಗೆ ಹಿರಿಸೊಸೆಯ ನಮಸ್ಕಾರ.

ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲು ಸುಮ್ಮಸುಮ್ಮನೆ ಹತ್ತಿಳಿಯಬೇಡಿ ಎಂದು ಹೇಳಿಕಳಿಸಿದ್ದೆ, ನೀವು ಕೇಳುವವರಲ್ಲ. ನಾದಿನಿಗೆ ಊಟ ಸೇರುತ್ತಿದೆಯೇ, ಮಗು ನಿದ್ದೆ ಮಾಡುತ್ತಾಳೆಯೇ? ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ. ಚೆನ್ನಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಹಿರಿಮಗ ಇವತ್ತು ಪೆಟ್ಟಿಗೆಗಳ ಲೋಡ್ ತೆಗೆದುಕೊಂಡು ನಿಮ್ಮ ಕಡೆಗೇ ಬರುತ್ತಿದ್ದಾರೆ. ಕಾಗದ ಅವರ ಜೇಬಿನಲ್ಲಿರುತ್ತದೆ, ರಾತ್ರಿಯೇ ನಿಮ್ಮ ಕೈ ಸೇರುತ್ತದೆ. ಅವರನ್ನು ಕೇಳಿದರೆ ಏನೂ ಹೊರಡುವುದಿಲ್ಲ. "ತಮ್ಮನ ಜೊತೆ ನನ್ನನ್ನ ಜಗಳಕ್ಕೆ ಹಚ್ಚಬೇಡ ಕಣೇ, ಲಾರಿ ಓಡಿಸ್ಕೊಂಡು ಸುಮ್ಮನಿರ್ತೀನಿ" ಅಂದುಬಿಟ್ಟಿದ್ದಾರೆ. ಲಾರಿಯ ಹಾರನ್ನಿಗಿರುವ ಗಂಟಲು ಓಡಿಸುವವರಿಗೆ ಇಲ್ಲ.

ವಿಷಯ ಇದು. ನಾನು ಕೂರುವ ಪಂಚಿಂಗ್ ಮಷಿನ್ನಿನ ಪೆಡಲ್ ಲೂಸ್ ಆಗಿದೆ. ರಟ್ಟಿನ ಹಾಳೆಯನ್ನು ಕೈಯಿಂದ ಒಳಗಿಟ್ಟು ಪೆಡಲ್ ತುಳಿದರೆ ಮೇಲಿನ ಪ್ಲೇಟು ಒಂದು ಸಲ ಇಳಿದು, ಪೆಟ್ಟಿಗೆಯ ಆಕಾರ ಕತ್ತರಿಸಿ ಮೇಲೆ ಹೋಗಿ ನಿಲ್ಲಬೇಕು. ಈಗ ಯಾರೂ ತುಳಿಯದೆ ಪೆಡಲ್ ತಾನೇ ಕುಸಿಯುತ್ತದೆ. ಬುಧವಾರ ಹಾಳೆ ಎಳೆದುಕೊಳ್ಳುವಾಗ ಪ್ಲೇಟು ಇನ್ನೊಮ್ಮೆ ಇಳಿಯಿತು. ಸೀರೆಯ ಮೇಲೆ ತೊಡುವ ಕಾರ್ಖಾನೆ ಕೋಟಿನ ತೋಳಿನ ಅಂಚು ಗುಂಡಿಯ ಸಮೇತ ಕತ್ತರಿಸಿ ಹೋಯಿತು. ಒಳಗೆ ನನ್ನ ಮಣಿಕಟ್ಟು ಇರಲಿಲ್ಲ, ಅಷ್ಟೇ.

ನೇರ ಹೋಗಿ ಸೂಪರ್‌ವೈಸರ್‌ಗೆ ಹೇಳಿದೆ. ಸೂಪರ್‌ವೈಸರ್ ಅಂದರೆ ನಿಮ್ಮ ಕಿರಿಮಗನೇ. ಮನೆಯಲ್ಲಿ ಅತ್ತಿಗೆ ಅನ್ನುವವನು ಅಲ್ಲಿ "ಏನಮ್ಮಾ" ಅನ್ನುತ್ತಾನೆ, ಅದಿರಲಿ. ಎಂಜಿನಿಯರನ್ನು ಕರೆಸಿದ. ಎಂಜಿನಿಯರ್ ಬಂದು ಹತ್ತಾರು ಸಲ ತುಳಿದರೂ ಮಷಿನ್ ಹಸುವಿನ ಹಾಗೆ ನಿಂತಿತ್ತು. "ಎಲ್ಲ ಟೈಟಾಗಿದೆ" ಅಂದು ಕೈ ಒರೆಸಿಕೊಂಡ. ಆಗ ನಿಮ್ಮ ಮಗ ಇಡೀ ಶೆಡ್ಡಿಗೆ ಕೇಳುವಂತೆ, "ಪೆಡಲ್ ಅಲ್ಲ ಸಾರ್, ಈಯಮ್ಮನೇ ಸ್ವಲ್ಪ ಲೂಸು" ಅಂದ. ನಕ್ಕರು. ನನ್ನ ಜೊತೆ ಊಟದ ಡಬ್ಬಿ ಬಿಚ್ಚುವವರೂ ನಕ್ಕರು.

ಈ ಇಂಗ್ಲಿಷ್ ಮಾತು ನಮ್ಮಲ್ಲಿ ಎಷ್ಟು ದುಡಿಯುತ್ತದೆ ನೋಡಿ ಅತ್ತೆಮ್ಮಾ. ಪ್ಯಾಕೆಟ್ ಎಣ್ಣೆ ಬೇಡ, ಲೂಸ್ ಎಣ್ಣೆ ತಾ ಅನ್ನುತ್ತೀರಿ. ಜ್ವರ ಬಂದು ನೀವು ಇಳಿದುಹೋದಾಗ ಬಟ್ಟೆಯೆಲ್ಲ ಲೂಸಾಯಿತು ಅಂತ ನನ್ನ ಕೈಯಲ್ಲೇ ಹೊಲಿಗೆ ಹಾಕಿಸಿದಿರಿ. ಮಗುವಿಗೆ ಲೂಸ್ ಮೋಷನ್ ಆದರೆ ಡಾಕ್ಟರಿಗೆ ಅದೊಂದೇ ಮಾತು ಸಾಕು. ಅಲ್ಲೆಲ್ಲ ಅದು ಒಳ್ಳೆಯ ಮಾತು. ಕುರ್ಚಿಯ ಕಾಲು ಲೂಸ್ ಅಂದರೆ ಯಾರಾದರೂ ಸುತ್ತಿಗೆ ಹುಡುಕುತ್ತಾರೆ. ಹೆಂಗಸಿನ ಮೇಲೆ ಬಿದ್ದಾಗ ಮಾತ್ರ ಯಾರೂ ಏನನ್ನೂ ಹುಡುಕುವುದಿಲ್ಲ. ಎದುರು ಮಾತಾಡಿದರೆ ಬಾಯಿ ಲೂಸು, ಗಂಡಸಿನ ಜೊತೆ ನಕ್ಕರೆ ನಡತೆ ಲೂಸು, ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ತಲೆಯೇ ಲೂಸು. ಮಷಿನ್ನಿಗಾದರೆ ಸ್ಪಾನರ್, ನಮಗೆ ಗೇಟಿನ ದಾರಿ. ಮಾತು ಅದೇ, ಆಡುವವನ ಕೈಯಲ್ಲಿ ಹಾಜರಿ ಪುಸ್ತಕ ಇದ್ದರೆ ಅದರ ತೂಕವೇ ಬೇರೆ.

ಮಷಿನ್ ಅವತ್ತು ಯಾಕೆ ಸುಮ್ಮನಿತ್ತು ಅಂತ ಆಮೇಲೆ ಗೊತ್ತಾಯಿತು. ನಾವೆಲ್ಲ ರಟ್ಟಿನ ಚೂರನ್ನು ಮಡಿಸಿ ಪೆಡಲ್ ಅಡಿಗೆ ತುರುಕಿ ಕೆಲಸ ಮಾಡುತ್ತೇವೆ. ರಟ್ಟು ಗಟ್ಟಿಯಿರುವಷ್ಟು ಹೊತ್ತು ಪೆಡಲ್ ಕುಸಿಯುವುದಿಲ್ಲ, ಬೇಕೆಂದಾಗ ಹಿಮ್ಮಡಿ ಊರಿ ಬಲವಾಗಿ ತುಳಿಯಬೇಕು. ತುಳಿದು ತುಳಿದು ಅದು ಅಪ್ಪಚ್ಚಿಯಾದರೆ ಹೊಸದು. ಬುಧವಾರ ನನ್ನ ರಟ್ಟು ಅಪ್ಪಚ್ಚಿಯಾಗಿತ್ತು. ಎಂಜಿನಿಯರ್ ಬರುತ್ತಾನೆಂದು ಪಕ್ಕದ ಮಷಿನ್ನಿನ ದೊಡ್ಡಕ್ಕ ನೆಲ ಗುಡಿಸಿ, ಮಷಿನ್ ಒರೆಸಿ, ಹಾಗೆಯೇ ಅಭ್ಯಾಸಬಲದಿಂದ ಹೊಸ ರಟ್ಟು ತುರುಕಿಟ್ಟಿದ್ದಳು. "ದೊಡ್ಡೋರು ಬಂದಾಗ ಎಲ್ಲ ನೀಟಾಗಿರಲಿ ಅಂತ ಮಾಡ್ದೆ ಕಣವ್ವ" ಅಂತ ತಲೆ ಚಚ್ಚಿಕೊಂಡಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಕೆಟ್ಟದ್ದನ್ನು ಹೇಗೋ ಓಡಿಸಿಕೊಂಡು ಹೋಗುವುದೇ ಜಾಣತನ ಅಂತ ನಮಗೆ ಕಲಿಸಿದವರು ಯಾರು? ನಮ್ಮ ಆ ಜಾಣತನವೇ ಮಾಲೀಕನ ಕಡೆಯ ಸಾಕ್ಷಿಯಾಯಿತು.

ನಿಮ್ಮ ಕಿರಿಮಗನಿಗೆ ರಟ್ಟು ತೆಗೆದು ತೋರಿಸಲು ಹೋದೆ. ಪೆಡಲ್ ಕಡೆ ತಿರುಗಿಯೂ ನೋಡದೆ, "ಓಹೋ, ನೀವೇ ಏನೇನೋ ತುರುಕಿ ಹಾಳು ಮಾಡಿದ್ದೀರಾ" ಅಂದ. ನಾಳೆ ಬೆಳಿಗ್ಗೆ ದೊಡ್ಡ ಆರ್ಡರ್ ಕೊಡುವವರು ಶೆಡ್ ನೋಡಲು ಬರುತ್ತಾರೆ. ನೆಲದ ಮೇಲೆ ಒಂದು ಚೂರೂ ಕಾಣಬಾರದು, ಪೆಡಲ್ ಅಡಿಗೆ ರಟ್ಟಿಟ್ಟವರು ಮನೆಗೆ, ಅಂತ ಆರ್ಡರ್ ಆಗಿದೆ. ಅಂದರೆ ನಾಳೆ ಆ ಮಷಿನ್ ರಟ್ಟಿಲ್ಲದೆ ಓಡುತ್ತದೆ. ನಾನು ಕೂರುವುದಿಲ್ಲ ಅಂದಿದ್ದೇನೆ. ದೊಡ್ಡಕ್ಕನೂ ಕೂರುವುದಿಲ್ಲ ಅಂದಳು. ನಕ್ಕವರಲ್ಲಿ ಮೂವರು ನಿನ್ನೆ ಮನೆಗೇ ಬಂದು, ನಾವೂ ಇಲ್ಲ ಅಂದರು. ಒಬ್ಬಳು ಕಣ್ಣು ಎತ್ತಲಿಲ್ಲ. ಕೆಲಸ ಹೋದರೆ ಹೋಗಲಿ ಎಂದು ಸುಲಭವಾಗಿ ಬರೆಯಲಾರೆ. ಆದರೆ ಕೈ ಹೋದ ಮೇಲೆ ಉಳಿಯುವ ಕೆಲಸ ಯಾವುದು?

ಮಗುವಿನ ಕೆನ್ನೆಗೆ ನನ್ನದೊಂದು ಮುತ್ತು. ನಾದಿನಿಗೆ ಭಾರ ಎತ್ತಬೇಡ ಅನ್ನಿ. ದೂರದಿಂದಲೇ ನನ್ನ ತಲೆಯ ಮೇಲೊಂದು ಕೈಯಿಡಿ, ನಾಳೆಗೆ ಬೇಕು.

ನಿಮ್ಮ
ಹಿರಿಸೊಸೆ

ತಾಜಾಕಲಂ: ಲಾರಿ ಹೊರಟು ನಿಂತಿದೆ, ಅವಸರದಲ್ಲಿ ಗೀಚುತ್ತಿದ್ದೇನೆ. ಈಗ ತಾನೇ ಓರಗಿತ್ತಿ ಹಿಂಬಾಗಿಲಿಂದ ಬಂದಳು. ಯಾರೂ ಕೂರದಿದ್ದರೆ ನನ್ನ ಹೆಂಡತಿಯನ್ನೇ ಕೂರಿಸಿ ತೋರಿಸುತ್ತೇನೆ ಅಂತ ನಿಮ್ಮ ಕಿರಿಮಗ ಆಫೀಸಿನಲ್ಲಿ ಮೀಸೆ ತಿರುವಿ ಬಂದಿದ್ದಾನಂತೆ. ಅವಳು ಆ ಮಷಿನ್ ಮುಟ್ಟಿದವಳಲ್ಲ, ಪ್ಯಾಕಿಂಗ್ ವಿಭಾಗದವಳು. "ಆಗಲ್ಲ ಅಂದ್ರೆ ಮನೇಲಿ ಇರೋಕೆ ಬಿಡಲ್ಲ ಅಕ್ಕ" ಅಂದಳು. ಅವನು ಯಾರ ಮಾತಿಗೂ ಬಗ್ಗುವವನಲ್ಲ, ನಿಮ್ಮ ಮಾತೊಂದನ್ನು ಬಿಟ್ಟು. ಫೋನಿನಲ್ಲಿ ನಿಮಗೆ ಕಿವಿ ಕೇಳಿಸುವುದಿಲ್ಲ ಅಂತಲೇ ಇಷ್ಟೆಲ್ಲ ಬರೆದೆ. ಕಾಗದ ಓದಿಸಿಕೊಂಡ ಕೂಡಲೇ, ಬೆಳಿಗ್ಗೆ ಶಿಫ್ಟ್ ಶುರುವಾಗುವ ಮೊದಲು, ಅವನಿಗೆ ಫೋನ್ ಮಾಡಿ. ಹೆಂಡತಿಯನ್ನು ಕೂರಿಸಬೇಡ ಅನ್ನಿ. ಹಟಕ್ಕೆ ಬಿದ್ದು ತಾನೇ ಕೂತಾನು, ಅದೂ ಬೇಡ ಅನ್ನಿ. ಅವನ ಮೇಲೆ ಎಷ್ಟೇ ಉರಿಯುತ್ತಿದ್ದರೂ ಅವನ ಹತ್ತು ಬೆರಳೂ ನನಗೆ ಬೇಕು. ಮಷಿನ್ ನಿಲ್ಲಿಸು ಅನ್ನಿ. ಅವನು ಏನೇನೋ ಸಬೂಬು ಹೇಳುತ್ತಾನೆ. ನಿಮಗೆ ಅದು ಕೇಳಿಸುವುದಿಲ್ಲ, ಒಳ್ಳೆಯದೇ ಆಯಿತು. ಅವನು ಹೂಂ ಅನ್ನುವವರೆಗೂ ಹೇಳುತ್ತಲೇ ಇರಿ. ಹೂಂ ಅಂದನೋ ಇಲ್ಲವೋ ನಾದಿನಿ ಕೇಳಿಸಿಕೊಂಡು ಹೇಳುತ್ತಾಳೆ.