ಕೈ ಮೊದಲೋ, ಗುಂಡಿ ಮೊದಲೋ

ಶನಿವಾರ, ಅಕ್ಟೋಬರ್ ೯

ಅಣ್ಣನಿಗೆ,

ಯಾವಾಗಲೂ ಬರೆಯುವ ‘ಪ್ರೀತಿಯ’ ಎಂಬುದನ್ನು ಈ ಸಲ ಬಿಟ್ಟಿದ್ದೇನೆ, ಮರೆತು ಅಲ್ಲ. ಒಂದೇ ಊರಲ್ಲಿದ್ದು, ಒಂದೇ ಲಾಂಡ್ರಿಯಲ್ಲಿ ದುಡಿಯುವ ತಂಗಿ ಕಾಗದ ಯಾಕೆ ಬರೆದಳು ಎಂದು ಅತ್ತಿಗೆ ಕೇಳಬಹುದು. ಎದುರೆದುರು ಮಾತಾಡಿದರೆ ನೀನು ಗೆಲ್ಲುತ್ತೀಯ. ಕಾಗದದ ನಡುವೆ ಬಾಯಿ ಹಾಕಲು ನಿನಗೂ ಆಗುವುದಿಲ್ಲ.

ಕಳೆದ ಭಾನುವಾರ ನಿನ್ನ ಚರ್ಚಾಕೂಟಕ್ಕೆ ನಾನೂ ಬಂದಿದ್ದೆ. ಹಿಂದಿನ ಬೆಂಚಿನಲ್ಲಿದ್ದೆ, ನೀನು ನೋಡಲಿಲ್ಲ. ವಾಚನಾಲಯದ ಮಹಡಿಯ ಆ ಕೋಣೆಯಲ್ಲಿ ಸಾಪೇಕ್ಷತಾ ಸಿದ್ಧಾಂತಕ್ಕೆ ಬಂದಿರುವ ಗತಿಯನ್ನು ಕಣ್ಣಾರೆ ಕಂಡೆ. ವೇಗವಾಗಿ ಹೋಗುವ ಗಡಿಯಾರ ನಿಧಾನವಾಗುತ್ತದೆ ಎಂದು ಕೇಳಿದ್ದೇ ತಡ, ವಿಮೆ ಏಜೆಂಟರು ಎದ್ದರು. ಹಾಗಿದ್ರೆ ದಿನಾ ಬಸ್ಸಲ್ಲಿ ಓಡಾಡೋ ನಂಗೆ ಕೂದಲು ಯಾಕ್ರೀ ಉದುರ್ತಿದೆ ಅಂದರು. ತಮಾಷೆಗಲ್ಲ, ಉತ್ತರಕ್ಕೆ ಕಾಯುತ್ತಿದ್ದರು. ಹಲ್ಲಿನ ಡಾಕ್ಟರು ಸಿದ್ಧಾಂತವನ್ನು ಬೇರುಸಮೇತ ಕಿತ್ತರು: ಬೆಳಕಿಗಿಂತ ಅವರ ಮನಸ್ಸೇ ಜೋರಾಗಿ ಓಡುತ್ತದಂತೆ, ಈಗ ತಾನೆ ಚಂದ್ರನ ಹತ್ರ ಹೋಗ್ಬಂದೆ ನೋಡಿ ಎಂದರು. ಅವಳಿಗಳಲ್ಲಿ ಒಬ್ಬ ರಾಕೆಟ್ಟಿನಲ್ಲಿ ಹೋಗಿ ಬಂದರೆ ಯಾರು ಚಿಕ್ಕವನು ಎಂಬುದಕ್ಕೆ ನಿವೃತ್ತ ಮೇಷ್ಟ್ರು, ಹೆತ್ತವಳನ್ನ ಕೇಳಿದ್ರೆ ಮುಗೀತಲ್ಲಪ್ಪ ಎಂದು ತೀರ್ಪು ಕೊಟ್ಟರು. ಇವರ ಅಜ್ಞಾನ ಹಾಳಾಗಿ ಹೋಗಲಿ. ಮನೆಗೆ ಹೋಗಿ ಉಂಡು ಮಲಗುತ್ತಾರೆ, ಅದರಿಂದ ಯಾರ ಚರ್ಮವೂ ಸುಲಿಯುವುದಿಲ್ಲ. ನನಗೆ ಹೇಸಿಗೆಯಾದದ್ದು ನಿನ್ನನ್ನು ಕೇಳಿ.

ಯಾರೋ ನಮ್ಮ ಲಾಂಡ್ರಿಯ ಅಕ್ಕನ ಕೈ ಇಸ್ತ್ರಿ ರೋಲರಿಗೆ ಸಿಕ್ಕ ಅಪಘಾತದ ಮಾತೆತ್ತಿದರು. ನೀನು ಅಂಗಿಯ ತೋಳು ಮಡಿಸಿಕೊಳ್ಳುತ್ತಾ ಎದ್ದು ಶುರು ಮಾಡಿದೆ: ಆಕೆ ಹೇಳೋ ಪ್ರಕಾರ ರೋಲರಿಗೆ ಕೈ ಹಾಕಿದ್ದು ಮೊದಲು, ನಾನು ಗುಂಡಿ ಒತ್ತಿದ್ದು ಆಮೇಲೆ. ನನ್ನ ಪ್ರಕಾರ ಗುಂಡಿ ಮೊದಲು, ಕೈ ಆಮೇಲೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಯಾವುದು ಮೊದಲು ಅನ್ನೋದು ನೋಡೋರ ಮೇಲೆ ಹೋಗುತ್ತೆ. ಎಲ್ಲವೂ ಸಾಪೇಕ್ಷ ಅಂತ ವಿಜ್ಞಾನವೇ ಹೇಳಿದೆ ಅಂದೆ. ಎಲ್ಲ ತಲೆಗಳೂ ಆಡಿದವು. ಹಲ್ಲಿನ ಡಾಕ್ಟರು ಕೂಡ, ಅಷ್ಟರ ಮಟ್ಟಿಗೆ ಸಿದ್ಧಾಂತ ಸರಿಯಿರಬಹುದು ಎಂದು ರಿಯಾಯಿತಿ ತೋರಿಸಿದರು.

ಬುಧವಾರದ ಹೊತ್ತಿಗೆ ಅದು ಮ್ಯಾನೇಜರ ಕಿವಿಗೆ ಬಿದ್ದಿತ್ತು. ಸೋಮವಾರದ ವಿಚಾರಣೇಲೂ ಇದನ್ನೇ ಹೇಳ್ರಿ, ತೂಕವಾಗಿದೆ ಎಂದು ಅವರು ನಿನ್ನ ಬೆನ್ನು ತಟ್ಟಿದ್ದನ್ನು ಕಂಡೆ. ಜನ್ಮದಲ್ಲಿ ಒಂದು ಪುಸ್ತಕ ಬಿಡಿಸದ ಮನುಷ್ಯನಿಗೆ ಭೌತವಿಜ್ಞಾನ ಅಷ್ಟು ಬೇಗ ಅರ್ಥವಾಗಿದ್ದು ಏಕೆ ಎಂದು ನೀನು ಯೋಚಿಸಲಿಲ್ಲವೇ? ಯಂತ್ರ ಓಡುತ್ತಿರುವಾಗ ಕೈ ಹಾಕಿದಳು ಎಂದು ತೀರ್ಮಾನವಾದರೆ ಅಕ್ಕನ ಅಜಾಗರೂಕತೆ ಎಂದು ಬರೆದು ಆಕೆಯನ್ನು ಕೆಲಸದಿಂದ ತೆಗೆಯುತ್ತಾರೆ. ರೋಲರಿಗೆ ಒದ್ದೆ ಹಾಸು ಕೊಡುತ್ತಾ ಆಯುಸ್ಸು ಕಳೆದವಳು, ನಾವೆಲ್ಲ ಅಕ್ಕ ಎಂದೇ ಕರೆಯುವವಳು, ಈಗ ಎರಡು ಬೆರಳಿಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಆ ಕೈಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಆಕೆಯ ಮಾತಿಗಂತೂ ‘ನೋವಿನಲ್ಲಿ ನೆನಪು ಕಲಸಿದೆ’ ಎಂದು ಷರಾ ಬರೆದಾಗಿದೆ.

ನಮ್ಮ ಲಾಂಡ್ರಿಯ ರೂಢಿ ಗೊತ್ತಿಲ್ಲದವನೇನಲ್ಲ ನೀನು. ಹಾಸು ಸಿಕ್ಕಿಕೊಂಡರೆ ರೋಲರ್ ನಿಲ್ಲಿಸಬೇಕು, ಅಕ್ಕ ಕೈ ಹಾಕಿ ಸುಕ್ಕು ಬಿಡಿಸಬೇಕು. ಮತ್ತೆ ಗುಂಡಿ ಒತ್ತುವ ಮೊದಲು ಮೇಸ್ತ್ರಿಯಾದವನು ‘ಕೈ?’ ಎಂದು ಕೂಗಬೇಕು, ‘ತೆಗೆದೆ’ ಎಂಬ ಉತ್ತರ ಬರುವ ತನಕ ಬೆರಳು ಗುಂಡಿಯ ಮೇಲೆ ಇಳಿಯಬಾರದು. ನೀನು ಕೆಲಸಕ್ಕೆ ಸೇರಿದ ದಿನ ಆ ಕೂಗನ್ನು ನಿನಗೆ ಕಲಿಸಿದವಳು ಅಕ್ಕನೇ. ಗಂಟಲು ಬಿಡೋ, ನಿನ್ನನ್ನೇನು ಹೆಣ್ಣು ನೋಡೋಕೆ ಬಂದಿದ್ದಾರಾ ಎಂದು ರೇಗಿಸಿದ್ದಳು. ಅಪಘಾತದ ದಿನ ನೀನು ಬಾಗಿಲ ಕಡೆ ತಿರುಗಿ ಬಾಯ್ಲರಿನವನ ಜೊತೆ ಅವಳಿಗಳ ವಯಸ್ಸಿನ ಬಗ್ಗೆ ವಾದಿಸುತ್ತಿದ್ದೆ. ಬಾಯಿ ರಾಕೆಟ್ಟಿನಲ್ಲಿತ್ತು, ಬೆರಳು ಗುಂಡಿಯ ಮೇಲಿತ್ತು. ತನಗೆ ನಿನ್ನ ಮುಖವಷ್ಟೇ ಕಾಣುತ್ತಿತ್ತು ಎಂದು ಬಾಯ್ಲರಿನವನು ಜಾರಿಕೊಂಡಿದ್ದಾನೆ.

ಈಗ ನಿನ್ನ ವಿಜ್ಞಾನದ ವಿಷಯ. ಎರಡು ವರ್ಷದ ಹಿಂದೆ ಫುಟ್‌ಪಾತಿನಿಂದ ಸಾಪೇಕ್ಷತೆಯ ಒಂದು ತೆಳು ಪುಸ್ತಕ ತಂದು, ಓದಿ ಮುಗಿಸಿದೆ, ನೀನೂ ಓದು ಎಂದು ನನಗೆ ಕೊಟ್ಟೆಯಲ್ಲ, ಅದರ ಕೊನೆಯ ಪುಟಗಳು ಅಂಚು ಕತ್ತರಿಸದೆ ಒಂದಕ್ಕೊಂದು ಕೂಡಿಕೊಂಡಿದ್ದವು. ಚಾಕು ತಂದು ಬಿಡಿಸಿದವಳು ನಾನು. ಬೇರೆ ಬೇರೆ ವೇಗದಲ್ಲಿ ಹೋಗುವವರಿಗೆ ‘ಮೊದಲು’, ‘ಆಮೇಲೆ’ ಬದಲಾಗಬಹುದು ಎಂಬಲ್ಲಿಗೆ ನಿನ್ನ ಓದು ನಿಂತಿದೆ. ಮಗ್ಗುಲ ಪುಟದಲ್ಲೇ ಅದರ ಮಿತಿಯನ್ನೂ ಹೇಳಿದೆ: ಒಂದು ಸಂಗತಿಯಿಂದ ಇನ್ನೊಂದಕ್ಕೆ ಬೆಳಕು ಹೋಗಿ ಮುಟ್ಟಲೂ ಸಮಯ ಸಾಲದಿದ್ದರೆ ಮಾತ್ರ ಹಾಗೆ. ಮುಟ್ಟುವಷ್ಟು ಸಮಯವಿದ್ದರೆ ಮೊದಲಿನದು ಎಲ್ಲರಿಗೂ ಮೊದಲೇ, ಎಷ್ಟೇ ಜೋರಾಗಿ ಓಡಿದರೂ ಅಷ್ಟೇ. ಗುಂಡಿಯಿಂದ ರೋಲರಿಗೆ ನಾಲ್ಕು ಮಾರು. ಅಕ್ಕ ಸುಕ್ಕು ಬಿಡಿಸುತ್ತಿದ್ದಷ್ಟು ಹೊತ್ತಿನಲ್ಲಿ ಬೆಳಕು ಭೂಮಿಯನ್ನೇ ಹಲವು ಸಲ ಸುತ್ತಿ ಬಂದಿರುತ್ತದೆ. ಮೇಲಾಗಿ ನೀವಿಬ್ಬರೂ ಒಂದೇ ಸಿಮೆಂಟ್ ನೆಲದ ಮೇಲೆ ನಿಂತಿದ್ದಿರಿ. ನೀನೇನು ಹಾರುತ್ತಿದ್ದೆಯಾ? ಯಾರಿಗೂ ಬದಲಾಗದ ಬೆಳಕಿನ ವೇಗದಿಂದ ಶುರುವಾಗುವ ಸಿದ್ಧಾಂತವನ್ನು ಹೆಸರಷ್ಟೇ ಓದಿ ಕೆಳಗಿಟ್ಟವನು ನೀನು. ಹಲ್ಲಿನ ಡಾಕ್ಟರು ನಿನಗಿಂತ ವಾಸಿ. ಆತ ಅದನ್ನು ಸುಳ್ಳು ಅನ್ನುತ್ತಾನೆ, ನೀನು ಅದರಿಂದ ಸುಳ್ಳು ಹೇಳಿಸುತ್ತೀಯ.

ಸೋಮವಾರ ನಿನ್ನನ್ನು ಮೊದಲು ಕರೆಯುತ್ತಾರೆ, ಆಮೇಲೆ ನನ್ನನ್ನು. ನೀನು ಅದೇ ಪುರಾಣ ಬಿಚ್ಚಿದರೆ, ಎಲ್ಲರೆದುರು ನಿನ್ನ ಮುಖಕ್ಕೆ ನೇರವಾಗಿ ಹೇಳುತ್ತೇನೆ: ಕೈ ಒಳಗಿತ್ತು, ಇವನು ಕೂಗಲಿಲ್ಲ, ಒತ್ತಿದ. ಅಣ್ಣ ಎಂದು ನೋಡುವುದಿಲ್ಲ.

ಇನ್ನೂ ನಿನ್ನ ತಂಗಿಯೇ ಆಗಿರುವ,
ಮಡಿಸುವ ಮೇಜಿನವಳು

ಮತ್ತೆ: ಮೇಲೆ ಅಪಘಾತವನ್ನು ಕಣ್ಣಾರೆ ಕಂಡವಳ ಹಾಗೆ ಬರೆದಿದ್ದೇನೆ. ನಾನು ಏನೂ ಕಂಡಿಲ್ಲ. ಗೋಡೆಗೆ ಮುಖ ಮಾಡಿ ದಿಂಬಿನ ಚೀಲ ಮಡಿಸುತ್ತಾ, ನೀನು ಬಾಯ್ಲರಿನವನ ಬಾಯಿ ಮುಚ್ಚಿಸುತ್ತಿದ್ದುದಕ್ಕೆ ನಗುತ್ತಿದ್ದೆ. ಚೀರಾಟ ಕೇಳಿ ತಿರುಗಿದಾಗ ಎಲ್ಲ ಮುಗಿದಿತ್ತು. ಕಂಡೆ ಎಂದು ಹೇಳಲು ಕನ್ನಡಿಯೆದುರು ಅಭ್ಯಾಸ ಮಾಡಿದೆ, ಸಲೀಸಾಗಿ ಬಂತು. ಅದಕ್ಕೇ ಹೆದರಿಕೆಯಾಯಿತು. ನನ್ನ ಬಳಿ ಇರುವುದು ಒಂದೇ: ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ನನ್ನ ಹೆಗಲಿಗೆ ಹಣೆ ಇಟ್ಟು, ಕೂಗ್ಲಿಲ್ಲ ಕಣೇ, ನಾನು ಕೂಗ್ಲೇ ಇಲ್ಲ ಎಂದದ್ದು. ಅದನ್ನು ವಿಚಾರಣೆಯಲ್ಲಿ ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಇಷ್ಟೆಲ್ಲ ಬೈದವಳಿಗೆ ಅಷ್ಟು ಧೈರ್ಯವಿಲ್ಲ. ನೀನೇ ಹೇಳಬೇಕು, ಅಣ್ಣ.