ಬೆಳಕಿಂಡಿಯಲ್ಲಿ ತೂಗುಹಾಕಿದ ನೆಟ್

ಜುಲೈ 3, ಗುರುವಾರ

ಕಾಲೇಜು ಮುಗಿಸಿ ಮತ್ತೆ ನೆಟ್ ಹುಡುಕಾಟ. ಸಿಂದಗಿಯಲ್ಲಿ ಇರುವುದೇ ಮೂರು ತಿಂಗಳು — ಹೆರಿಗೆ ರಜೆಗೆ ಹೋದ ಫಿಸಿಕ್ಸ್ ಮೇಡಂ ಬರುವವರೆಗೆ. ಕೇಬಲ್‌ನ ಜುಲ್ಫಿಕರ ಫೈಬರ್‌ಗೆ ಆರು ತಿಂಗಳ ಪ್ಲ್ಯಾನ್ ಅಂದ, ಮೇಲೆ ಗೋಡೆಗೆ ತೂತು. ಮನೆ ಒಡತಿ ಹುಚ್ಚವ್ವ ಆಯಿಗೆ ತೂತು ಅಂದರೆ ಆಗದು. ಮಾವ ಕಟ್ಟಿಸಿದ ಗೋಡೆಯಂತೆ, ಎರಡು ಮೊಳ ದಪ್ಪ. ಮೊಬೈಲ್ ಹಾಟ್‌ಸ್ಪಾಟ್? ಒಳಗೆ ಫೋನೇ ಸರಿಯಾಗಿ ಹತ್ತುವುದಿಲ್ಲ.

18ಕ್ಕೆ ಆನ್‌ಲೈನ್ ವೈವಾ. ಏಳು ವರ್ಷದ ಪಿಎಚ್‌ಡಿ. ಗೈಡ್ ಮಾನಪ್ಪ ಸರ್ ತಿಂಗಳ ಕೊನೆಗೆ ರಿಟೈರ್. ತಪ್ಪಿದರೆ ಹೊಸ ಗೈಡ್, ಹೊಸ ಅರ್ಜಿ, ಇನ್ನೊಂದು ವರ್ಷ. ತಪ್ಪುವುದಿಲ್ಲ. ನಾನು ಯಾರು, ಯಶೋಧಾ!

ಜುಲೈ 5

ಮಾಳಿಗೆ ಹತ್ತಿ, ಬಯಲು ಸೂರಿನ ಮೇಲೆ ನಿಂತು ಸ್ಪೀಡ್ ಟೆಸ್ಟ್. 180 ಎಂಬಿಪಿಎಸ್! ತೀರ್ಮಾನ ಆಯಿತು — 5ಜಿ ಡಬ್ಬಿ. ಸಿಮ್ ಹಾಕು, ಪ್ಲಗ್ ಹಾಕು, ಹೋಗುವಾಗ ವಾಪಸ್ ಕೊಡು. ಜುಲ್ಫಿಕರನಿಗೆ ಫೋನ್ ಮಾಡಿ ಫೈಬರ್ ಬೇಡ ಅಂದೆ.

"ಮೊದಲ ಒಳಗ ಕುಂತು ಟೆಸ್ಟ್ ಮಾಡ್ರಿ ಅಕ್ಕೋರ," ಅಂದ.

ತರಂಗಗಳ ಪಾಠ, ಫಿಸಿಕ್ಸ್ ಕಲಿಸುವ ಅಕ್ಕೋರಿಗೆ, ನನಗೆ. ನಕ್ಕು ಫೋನಿಟ್ಟೆ.

ಜುಲೈ 9

ಡಬ್ಬಿ ಬಂತು. ಪಡಸಾಲೆಯಲ್ಲಿ 2. ಕೋಣೆಯಲ್ಲಿ ಅದೂ ಇಲ್ಲ. ಮಾಳಿಗೆ ಮೇಲೆ ಅಳೆದು ಕೆಳಗೆ ಸಂಸಾರ ಹೂಡುವ ಫಿಸಿಕ್ಸ್ ಟೀಚರ್... ಜುಲ್ಫಿಕರನಿಗೆ ಮಾತ್ರ ಗೊತ್ತಾಗಬಾರದು.

ಸಂಜೆ 6 — ಬೆಳಕಿಂಡಿ! ಬೆಳಕಿಗೆಂದು ಮಾಳಿಗೆಯಲ್ಲಿ ಬಿಟ್ಟ ಕಿಂಡಿ ತಲೆ ಮೇಲೆಯೇ ಇದೆ. ಡಬ್ಬಿಗೆ ಹಗ್ಗ ಕಟ್ಟಿ ಅದರ ಬಾಯಲ್ಲಿ ತೂಗುಹಾಕಿದೆ. 95. ನೆಲುವಿನ ಮೇಲೆ ಬೆಣ್ಣೆ ಇಟ್ಟ ಹಾಗೆ ಕಾಣುತ್ತದೆ ಅಂದಳು ಆಯಿ.

ಜುಲೈ 17

ಗೆಳತಿ ಸುವರ್ಣಾ ಜೊತೆ ಮೂರು ಸಲ ರಿಹರ್ಸಲ್. ಒಮ್ಮೆಯೂ ಕಟ್ ಆಗಲಿಲ್ಲ. ಕರೆಂಟ್ ಹೋದರೆ ಯುಪಿಎಸ್ ಇದೆ. ಎಲ್ಲ ನೋಡಿಯಾಗಿದೆ. ನಿದ್ದೆ.

ಜುಲೈ 18, ಬೆಳಿಗ್ಗೆ 11:50, ಮಾಳಿಗೆ ಮೇಲೆ

ಚರ್ಚೆ ಮಾಡಬೇಕು, ಹತ್ತು ನಿಮಿಷ ಕಾಯಿರಿ ಅಂದಿದ್ದಾರೆ ಪರೀಕ್ಷಕರು. ಅಷ್ಟರೊಳಗೆ ಇದನ್ನು ಬರೆಯುತ್ತೇನೆ.

ಅರ್ಧ ಗಂಟೆ ಚೆನ್ನಾಗಿಯೇ ನಡೆದಿತ್ತು. ಒಮ್ಮೆಲೇ ಕೋಣೆ ಕತ್ತಲು, ಪರದೆಯ ಮುಖಗಳೆಲ್ಲ ಕಲ್ಲು. ತಲೆ ಎತ್ತಿದರೆ ಬೆಳಕಿಂಡಿ ಮೇಲೆ ತಗಡು. ಮೋಡ ಕಂಡರೆ ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ — ಹತ್ತಿ ಬೆಳಕಿಂಡಿ ಮುಚ್ಚಿ ಮೇಲೊಂದು ಕಲ್ಲು ಹೇರುತ್ತಾರೆ. ನಾನು ಬಂದ ಮೇಲೆ ಹನಿ ಬಿದ್ದಿರಲಿಲ್ಲ. ಹೊಳೆಯಲೇ ಇಲ್ಲ.

ಲ್ಯಾಪ್‌ಟಾಪ್ ಹೊತ್ತು ಮಾಳಿಗೆಗೆ ಓಡಿ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿದೆ. ಆಯಿ ಅಲ್ಲೇ ನಿಂತಿದ್ದಳು. ಬೈಯಲು ಬಾಯಿ ತೆರೆದಿದ್ದೆ.

"ನಿಮ್ಮ ಡಬ್ಬಿ ತೊಯ್ತೈತಿ ಅಂತ ಮುಚ್ಚೇನ್ರಿ ಅಕ್ಕೋರ," ಅಂದಳು.

ಅಳು ಬಂತು. ಅವಳೇ ಕಂಬಳಿ ತಂದು ನನಗೂ ಲ್ಯಾಪ್‌ಟಾಪಿಗೂ ಸೇರಿಸಿ ಹಿಡಿದಳು. ಹಾಗೇ ಉಳಿದ ವೈವಾ. ಹೊರಗಿನ ಪರೀಕ್ಷಕರ ಕೊನೆಯ ಪ್ರಶ್ನೆ: ನಿಮ್ಮ ಅಳತೆಗಳಲ್ಲಿ ನೀವು ಗಮನಿಸದೇ ಹೋದದ್ದು ಏನಾದರೂ ಇರಬಹುದೇ? ಇಲ್ಲ ಅನ್ನಲು ಎರಡು ಪುಟ ಬಾಯಿಪಾಠ ಮಾಡಿದ್ದೆ. ಬಾಯಿಗೆ ಬರಲಿಲ್ಲ.

"ಇರುತ್ತದೆ ಸರ್. ಏನೆಂದು ನನಗಿನ್ನೂ ಗೊತ್ತಿಲ್ಲ," ಅಂದೆ.

ಅವರು ಏನೋ ಬರೆದುಕೊಂಡರು. ಕೆಟ್ಟೆನೋ ಏನೋ.

ಹನಿ ದೊಡ್ಡವಾಗಿವೆ. ಕೈ ಸೋತಿರಬೇಕು, ಬಿಡು ಆಯಿ ಅಂದರೂ ಕೇಳುತ್ತಿಲ್ಲ.

ಮುಖಗಳು ಬಂದವು. ಮಾನಪ್ಪ ಸರ್ ಕನ್ನಡಕ ಒರೆಸುತ್ತಿದ್ದಾರೆ. ಚೇರ್‌ಮನ್ ಮೈಕ್ ಹಚ್ಚಿದರು. ಡಾಕ್ಟರ್ ಯಶೋಧಾ ಅಂದರು!