ಯಾಜಕನ ಹೆಂಡತಿ

ನಗರಗೆರೆ
ಮಂಗಳವಾರ, 11-3-1958

ಪ್ರೀತಿಯ ಅಪ್ಪಾ,

ನಿಮ್ಮ ಮಗಳು ಸುಗುಣಳ ವಂದನೆಗಳು. ಮಂಡಿನೋವು ಹೇಗಿದೆ? ಅಮ್ಮ ಈಗಲಾದರೂ ಕನ್ನಡಕ ಹಾಕಿಕೊಳ್ಳುತ್ತಾಳೋ, ಇಲ್ಲ ಚಿಂತಾಮಣಿಯವರೆಲ್ಲ ನೋಡಿ ನಗುತ್ತಾರೆಂದು ಪೆಟ್ಟಿಗೆಯಲ್ಲೇ ಇಟ್ಟಿದ್ದಾಳೋ? ಮಗು ಚೆನ್ನಾಗಿದ್ದಾನೆ. ಮೇಲಿನ ಹಲ್ಲು ಬಂದಿವೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾನೆ.

ಜೀವಮಾನವೆಲ್ಲ ಉಪದೇಶಿಯಾಗಿದ್ದವರು ನೀವು, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನನಗಂತೂ ಏನೂ ತೋಚದ ಹಾಗಾಗಿದೆ. ಇಲ್ಲಿ ಸಿಡುಬು ಬಂದಿದೆ. ಊರವರು "ಅಮ್ಮ ಬಂದವ್ಳೆ" ಅನ್ನುತ್ತಾರೆ. ಹೋದ ತಿಂಗಳ ಕೊನೆಯಲ್ಲಿ, ಕೆರೆಯ ಹಿಂದೆ ಒಂಟಿಯಾಗಿದ್ದ ಕುರಿ ಕಾಯುವ ಮುದುಕ ಮುನಿಗಂಗಪ್ಪ ಅದರಲ್ಲೇ ತೀರಿಕೊಂಡ. ಹೆಣ ಮುಟ್ಟಲು ಒಬ್ಬರೂ ಬರಲಿಲ್ಲ. ಸಭೆಯ ಪಾದ್ರಿಯಾದ ಮೇಲೆ ಹೋಗಲೇಬೇಕೆಂದು ನಿಮ್ಮ ಅಳಿಯ ಹೋದರು. ತಾವೇ ಮೈ ತೊಳೆದು, ತಮ್ಮ ಹೊಸ ಪಂಚೆ ಹೊದಿಸಿ, ಗುಂಡಿ ತೋಡಿ ಮಣ್ಣು ಮಾಡಿದರು. ಆಮೇಲೆ ಮನೆಯ ಮುಂದೆ ಬೀದಿಯಲ್ಲೇ ನಿಂತು, "ಮಗೂಗೆ ಇನ್ನೂ ಸಿಡುಬಿನ ದಾಕು ಹಾಕಿಸಿಲ್ಲ ಕಣೇ, ನಾನು ಪ್ರಾರ್ಥನಾ ಮನೇಲೇ ಇರ್ತೀನಿ" ಅಂದರು. ಅಂದಿನಿಂದ ಅಲ್ಲೇ ಇದ್ದಾರೆ. ನಾನು ಮೆಟ್ಟಿಲ ಮೇಲೆ ಮುದ್ದೆ, ಸಾರು ಇಟ್ಟು ದೂರ ನಿಲ್ಲುತ್ತೇನೆ, ಅವರು ಬಂದು ತೆಗೆದುಕೊಳ್ಳುತ್ತಾರೆ.

ಮೊನ್ನೆ ಭಾನುವಾರ ಸಭೆಯವರು ಒಳಗೆ ಹೋಗದೆ ಹುಣಸೆಮರದ ಕೆಳಗೆ ನಿಂತರು. ಇವರು ಬಾಗಿಲಲ್ಲೇ ನಿಂತು ಬೈಬಲಿನಿಂದ ಮೋಶೆಯ ಕಾಲದ ಯಾಜಕರ ವಿಷಯ ಓದಿದರು. ಹೆಣ ಮುಟ್ಟಿದವರನ್ನು ಶುದ್ಧಮಾಡಲು, ಜನ ಬೀಡುಬಿಟ್ಟ ಪಾಳೆಯದ ಹೊರಗೆ ಕೆಂಪು ಹಸುವನ್ನು ಸುಟ್ಟು, ಅದರ ಬೂದಿ ಬೆರೆಸಿದ ನೀರು ಚಿಮುಕಿಸುತ್ತಿದ್ದರಂತೆ. ಆದರೆ ಹಸುವನ್ನು ಸುಡಿಸಿದ ಯಾಜಕನೇ ಅಶುದ್ಧ. ಅವನು ಬಟ್ಟೆ ಒಗೆದು, ಸ್ನಾನ ಮಾಡಿ, ಸಾಯಂಕಾಲದವರೆಗೆ ಕಾಯಬೇಕು. "ಬೇರೆಯವರನ್ನ ಶುದ್ಧ ಮಾಡೋನು ತಾನು ಮೈಲಿಗೆ ಆಗ್ತಾನೆ. ಯೇಸುಸ್ವಾಮಿ ಊರಾಚೆ ಸತ್ತಿದ್ದೂ ಹಂಗೇ" ಅಂದರು. ಸಭೆಯ ಹಿರಿಯ ದೇವದಾನಪ್ಪ ತಲೆ ತಗ್ಗಿಸಿಕೊಂಡೇ, "ಅಯ್ಯನೋರೆ, ಯಾಜಕ ಹೆಣದ ಹತ್ರ ಹೋಗ್ಬಾರ್ದು ಅಂತಾನೂ ಅದರಾಗೇ ಐತಲ್ಲ" ಅಂದ. ಇವರು ಪುಸ್ತಕ ಮುಚ್ಚಿ, "ಐತೆ" ಅಂದರು. ಅಷ್ಟೇ. ಹಾಡು ಕೂಡ ಹೇಳದೆ ಜನ ಮನೆಗೆ ಹೋದರು.

ಅಪ್ಪಾ, ಇದರಲ್ಲಿ ಯಾರದು ಸರಿ? ದೇವದಾನಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವನದೂ ಮನೆ ತುಂಬ ಸಣ್ಣ ಮಕ್ಕಳು. ಶುದ್ಧವಾಗಿ ಉಳಿಯುವುದೇ ಯಾಜಕನ ಕೆಲಸವಾದರೆ ಅಶುದ್ಧರ ಹತ್ತಿರ ಹೋಗುವವರು ಯಾರು? ಕುಷ್ಠರೋಗಿಯನ್ನು ನೋಡಲು ಯಾಜಕನೇ ಪಾಳೆಯ ಬಿಟ್ಟು ಹೊರಗೆ ಹೋಗುತ್ತಿದ್ದನೆಂದು ನೀವು ಕಲಿಸಿದ್ದಿರಿ. ನೋಡಿ ಶುದ್ಧನೋ ಅಶುದ್ಧನೋ ಹೇಳುವುದಷ್ಟೇ ಅವನದು, ವಾಸಿಮಾಡುವುದು ದೇವರದು ಅನ್ನುತ್ತಿದ್ದಿರಿ. ಯೇಸುಸ್ವಾಮಿ ಮುಟ್ಟಿಯೇ ವಾಸಿಮಾಡಿದರು, ಅವರಿಗೆ ಏನೂ ತಗಲಲಿಲ್ಲ. ನಮ್ಮವರಿಗೆ ತಗಲುತ್ತದಲ್ಲ? ಇನ್ನೊಂದು ಕೇಳಬೇಕು, ನಗಬೇಡಿ. ಆ ಯಾಜಕ ಸಾಯಂಕಾಲ ಮನೆಗೆ ಬಂದಾಗ ಅವನ ಹೆಂಡತಿ ಏನು ಮಾಡುತ್ತಿದ್ದಳು? ಎಷ್ಟು ಹುಡುಕಿದರೂ ಅದೊಂದು ಎಲ್ಲೂ ಬರೆದಿಲ್ಲ. ಇವರ ಮೇಲೆ ನನಗೆ ಹೆಮ್ಮೆಯೂ ಇದೆ, ಮುನಿಸೂ ಇದೆ. ಒಂದೇ ಗಳಿಗೆಯಲ್ಲಿ ಎರಡೂ ಹೇಗಿರುತ್ತವೋ ತಿಳಿಯದು.

ನಿಮ್ಮಿಬ್ಬರ ಮೇಲೆ ದೇವರ ಕೃಪೆ ಇರಲಿ. ಪಕ್ಕದ ಮನೆಯ ಷಮೀಮಕ್ಕನಿಗೆ ನನ್ನ ಸಲಾಮು ಹೇಳಿ.

ನಿಮ್ಮ ಮಗಳು,
ಸುಗುಣ

ತಾ.ಕ.: ಕಾಗದ ಅಂಟಿಸುವ ಮೊದಲು ಪ್ರಾರ್ಥನಾ ಮನೆಗೆ ಹೋಗಿ ಬಂದೆ. ಬೆಳಿಗ್ಗೆ ಇಟ್ಟ ಊಟ ಹಾಗೇ ಇತ್ತು. ಕೂಗಿದರೆ ಒಳಗಿನಿಂದಲೇ, "ಜ್ವರ ಬಂದೈತೆ, ನೀನು ಹೋಗಮ್ಮ" ಅಂದರು. ಮಗುವನ್ನು ದೇವದಾನಪ್ಪನ ಹೆಂಡತಿ ಓಬಳಮ್ಮನ ಹತ್ತಿರ ಬಿಟ್ಟಿದ್ದೇನೆ. ಒಂದು ಮಾತೂ ಕೇಳದೆ ಸೊಂಟಕ್ಕೆ ಎತ್ತಿಕೊಂಡಳು. ಈ ಕಾಗದವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ನೀವು ತಕ್ಷಣ ಓಬಳಮ್ಮನ ಮನೆಗೆ ಬಂದು ಮಗುವನ್ನು ಕರೆದುಕೊಂಡು ಹೋಗಿ, ಅಲ್ಲಿ ದಾಕು ಹಾಕಿಸಿ. ಇನ್ನೂ ಹಾಲು ಬಿಡಿಸಿಲ್ಲ, ಅಳುತ್ತಾನೆ. ನನಗೆ ಚಿಕ್ಕಂದಿನಲ್ಲೇ ದಾಕು ಹಾಕಿಸಿದ್ದೀರಲ್ಲ, ಹೆದರಬೇಡಿ. ನನ್ನನ್ನು ನೋಡಲು ಪ್ರಾರ್ಥನಾ ಮನೆಯತ್ತ ಬರಬೇಡಿ. ಚಾಪೆ, ನೀರಿನ ಬಿಂದಿಗೆ ತೆಗೆದುಕೊಂಡು ನಾನು ಇವರ ಹತ್ತಿರ ಹೋಗುತ್ತಿದ್ದೇನೆ.